ಚಂದಾವರದ ಇಗರ್ಜಿಯಿಂದ ಶುರುಮಾಡಿ: ಕುಮಟಾ, ಹೊನ್ನಾವರ ಸೀಮೆಯ ಹಳೆ ಜಾಗಗಳನ್ನು ನೋಡುವ ಬಗೆ

ನಮ್ಮ ಕರಾವಳಿಯ ಇಗರ್ಜಿ (ಚರ್ಚು) ನೋಡಲು ಹೋದವರು ಮೊದಲು ಹುಡುಕುವುದು ಎದುರುಗೋಡೆಯ ಮೇಲೆ ಬರೆದ ಇಸವಿಯನ್ನು. ಆ ಇಸವಿಯೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಕೆಲವು ಕಡೆ ಅದು ಪ್ಯಾರಿಶ್ (ಒಂದು ಇಗರ್ಜಿಗೆ ಸೇರಿದ ಭಕ್ತರ ಕೂಟ) ಹುಟ್ಟಿದ ವರ್ಷ, ಕೆಲವು ಕಡೆ ಈಗಿನ ಕಟ್ಟಡಕ್ಕೆ ಅಡಿಗಲ್ಲು ಹಾಕಿದ ವರ್ಷ. ಇನ್ನು ಕೆಲವು ಕಡೆ ಮುಂದಿನ ಪೋರ್ಟಿಕೋವನ್ನು ಕಾಂಕ್ರೀಟ್ ಮಾಡಿಸಿದ ವರ್ಷ. ಊರು ಹಳೆಯದು, ಭಕ್ತರ ಕೂಟ ಹಳೆಯದು, ಕಟ್ಟಡ ಮಾತ್ರ ಆಮೇಲಿನದು. ಉತ್ತರ ಕನ್ನಡದ ಹೆಚ್ಚಿನ ಇಗರ್ಜಿಗಳ ಕಥೆ ಇದೇ.

ಇದಕ್ಕೆ ಕಾರಣ 1784. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಇಗರ್ಜಿಗಳನ್ನು ಕೆಡವಿದರು. ಮೂಡುಬಿದಿರೆ ಹತ್ತಿರದ ಹೊಸಬೆಟ್ಟಿನದು ಚೌಟ ಅರಸರ ಸ್ನೇಹದಿಂದ ಉಳಿಯಿತು ಎಂಬ ಮಾತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿ, ಮತ್ತೆ ಗೋಡೆ ಎಬ್ಬಿಸಿದರು. ಹಾಗಾಗಿ ಈ ಸೀಮೆಯಲ್ಲಿ ಪೋರ್ತುಗೀಸರ ಕಾಲದ ಮಾಡು, ಆಲ್ತಾರ (ಪೂಜಾಪೀಠ) ಹಾಗೇ ನಿಂತಿರಬಹುದು ಎಂದುಕೊಂಡು ಬಂದರೆ ಬೇಸರವಾಗುತ್ತದೆ. ಆದರೆ ಹಳೆಯದು ಎಲ್ಲಿ ಉಳಿದಿದೆ ಎಂದು ಗೊತ್ತಿದ್ದರೆ ಇಡೀ ಎರಡು ದಿನ ತಿರುಗುವಷ್ಟಿದೆ. ಅದು ಶಿಲುಬೆಯ ಕಟ್ಟೆಯಲ್ಲಿದೆ, ಬಾವಿಯಲ್ಲಿದೆ, ಸಮಾಧಿಕಲ್ಲಿನಲ್ಲಿದೆ, ಗಂಟೆಯ ಮೈಮೇಲಿದೆ, ಪಾಗಾರದ ಬುಡದ ಕಲ್ಲಿನಲ್ಲಿದೆ.

ತಿರುಗಾಟಕ್ಕೆ ಚಂದಾವರವನ್ನು ಠಾಣೆ ಮಾಡಿಕೊಳ್ಳುವುದು ಒಳ್ಳೆಯದು. ಊರು ಹೊನ್ನಾವರ ತಾಲೂಕಿಗೆ ಸೇರಿದ್ದರೂ ಕುಮಟಾ ಪೇಟೆಯೇ ಹತ್ತಿರ. ಕುಮಟಾದಿಂದ ಸಿದ್ದಾಪುರದ ಕಡೆ ಘಟ್ಟ ಹತ್ತುವ ರಸ್ತೆ ಹಿಡಿದರೆ ಹತ್ತು ಕಿಲೋಮೀಟರಿನ ಒಳಗೇ ಸಿಗುತ್ತದೆ. ಇಂದು ತೋಟ, ಗದ್ದೆ, ನಾಲ್ಕು ಅಂಗಡಿಯ ಹಳ್ಳಿ. 17ನೇ ಶತಮಾನದಲ್ಲಿ ಹಾಗಿರಲಿಲ್ಲ. ಕೋಟೆಗೋಡೆ ಇದ್ದ ಊರು ಇದು. ಆ ಶತಮಾನದ ಕೊನೆಯ ಭಾಗದಲ್ಲಿ ಕೆಳದಿಯ ಬಸಪ್ಪ ನಾಯಕನಿಗೂ ಪೋರ್ತುಗೀಸರಿಗೂ ಆದ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಪರವಾನಗಿ ಸಿಕ್ಕ ಊರುಗಳ ಸಾಲು ಹೀಗಿದೆ: ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರ. ಒಂದನ್ನು ಗಮನಿಸಿ. ಉಳಿದವೆಲ್ಲ ನದೀಮುಖದ, ವ್ಯಾಪಾರದ ಊರುಗಳು. ಚಂದಾವರ ಒಳನಾಡಿನದು. ಮೆಣಸು, ಅಕ್ಕಿ, ಅಡಿಕೆ ಘಟ್ಟದಿಂದ ಇಳಿಯುವ ದಾರಿಯಲ್ಲಿ ಕುಳಿತ ಊರಾದ್ದರಿಂದ ಆ ಸಾಲಿನಲ್ಲಿ ಇದಕ್ಕೂ ಜಾಗ ಸಿಕ್ಕಿತು ಎನ್ನುವುದು ಭೂಗೋಳ ನೋಡಿದರೇ ಹೊಳೆಯುತ್ತದೆ.

ಇಲ್ಲಿನ ಇಗರ್ಜಿ ಸಂತ ಫ್ರಾನ್ಸಿಸ್ ಝೇವಿಯರರದು. ಝೇವಿಯರ್ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡವರು, ದೇಹ ಹಳೆ ಗೋವೆಯಲ್ಲಿದೆ. ಡಿಸೆಂಬರ್ 3ರಂದೇ ಚಂದಾವರದ ಫೆಸ್ತ, ಅಂದರೆ ಇಗರ್ಜಿಯ ಹಬ್ಬ. ಕ್ರೈಸ್ತರಷ್ಟೇ ಅಲ್ಲ, ಸುತ್ತಿನ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಇದೇ ಊರಿನ ಹನುಮಂತ ದೇವರಿಗೂ ಇಡೀ ಸೀಮೆ ನಡೆದುಕೊಳ್ಳುತ್ತದೆ.  ಇಗರ್ಜಿ ನೋಡಲು ಬಂದವರು ಹನುಮಂತನ ಗುಡಿಗೂ ಹೋಗಿ ಬನ್ನಿ. ಎರಡನ್ನೂ ನೋಡದೆ ಈ ಊರು ಅರ್ಥವಾಗುವುದಿಲ್ಲ.

ಫೆಸ್ತಕ್ಕೆ ಬರುವುದೋ, ಬೇರೆ ದಿನ ಬರುವುದೋ ಮೊದಲೇ ತೀರ್ಮಾನಿಸಿಕೊಳ್ಳಿ, ಒಂದೇ ಭೇಟಿಯಲ್ಲಿ ಎರಡೂ ಆಗುವುದಿಲ್ಲ. ಡಿಸೆಂಬರ್ 3ರಂದು ಜನರನ್ನು ನೋಡಬಹುದು, ಕಟ್ಟಡ ನೋಡಲಾಗುವುದಿಲ್ಲ. ಗೋಡೆಗೆ ಚಪ್ಪರ, ದೀಪದ ಸರ, ಮೈಕಿನ ತಂತಿ. ಸಣ್ಣ ರಸ್ತೆಯಾದ್ದರಿಂದ ಕಾರನ್ನು ಬಹಳ ಹಿಂದೆಯೇ ಬಿಟ್ಟು ನಡೆಯಬೇಕು. ಫೆಸ್ತಕ್ಕೂ ಮುಂಚಿನ ಒಂಬತ್ತು ದಿನ ನೊವೇನಾ ಪ್ರಾರ್ಥನೆ ನಡೆಯುತ್ತದೆ. ಆ ದಿನಗಳ ಸಂಜೆ ಬಂದರೆ ಹಬ್ಬದ ಕಳೆಯೂ ಕಾಣುತ್ತದೆ, ನಿಂತು ನೋಡುವಷ್ಟು ಜಾಗವೂ ಸಿಗುತ್ತದೆ. ಕಟ್ಟಡವನ್ನೇ ನೋಡಬೇಕೆಂದರೆ ವಾರದ ನಡುವಿನ ದಿನ, ಬೆಳಗಿನ ಪೂಜೆ ಮುಗಿದ ಮೇಲೆ ಬನ್ನಿ. ಹಳ್ಳಿಯ ಇಗರ್ಜಿಗಳಿಗೆ ಪೂಜೆಯಾದೊಡನೆ ಬೀಗ ಬೀಳುತ್ತದೆ. ಬಾಗಿಲು ಮುಚ್ಚಿದ್ದರೆ ಪಕ್ಕದ ಪಾದ್ರಿಮನೆಯಲ್ಲಿ ಕೇಳಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಬಾಗಿಲು ತಟ್ಟಬೇಡಿ. ಆ ಪಾದ್ರಿಗೆ ಹೆಚ್ಚಾಗಿ ಎರಡು ಮೂರು ಊರಿನ ಕೆಲಸವಿರುತ್ತದೆ, ಸಿಗುವ ವಿಶ್ರಾಂತಿ ಅಷ್ಟೇ.

ಒಳಗೆ ಹೋದಾಗ ಆಲ್ತಾರದ ಹತ್ತಿರ ಸಣ್ಣ ಕೆಂಪು ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಪೆಟ್ಟಿಗೆಯಲ್ಲಿದೆ ಎಂದರ್ಥ. ಆಗ ಮಾತು ಕಡಿಮೆ, ಫೋನ್ ಸದ್ದಿಲ್ಲ, ಆಲ್ತಾರದ ಮೆಟ್ಟಿಲು ಹತ್ತುವಂತಿಲ್ಲ. ಫೋಟೋಕ್ಕೆ ಕೇಳಿಯೇ ಮುಂದುವರಿಯಿರಿ, ಫ್ಲ್ಯಾಶ್ ಬೇಡ. ಬಣ್ಣ ಬಳಿದ ಮರದ ಮೂರ್ತಿಗಳ ಫೋಟೋ ಫ್ಲ್ಯಾಶಿನಲ್ಲಿ ಹೇಗೂ ಚೆನ್ನಾಗಿ ಬರುವುದಿಲ್ಲ. ಪಕ್ಕದ ಕಿಟಕಿಯ ಬೆಳಕಿನಲ್ಲಿ ತೆಗೆದರೆ ಮುಖದ ಗೆರೆಗಳು ಕಾಣುತ್ತವೆ.

ಇನ್ನು ಗೋಡೆ ಓದುವ ಬಗೆ. ಇಷ್ಟು ಗೊತ್ತಿದ್ದರೆ ಈ ಕರಾವಳಿಯ ಯಾವ ಹಳೆ ಕಟ್ಟಡದ ಮುಂದೆಯೂ ನೀವು ಸುಮ್ಮನೆ ನಿಲ್ಲಬೇಕಾಗುವುದಿಲ್ಲ, ಅದು ಇಗರ್ಜಿಯಾಗಲಿ, ಕೋಟೆಯಾಗಲಿ, ಗುತ್ತಿನ ಮನೆಯಾಗಲಿ.

ಕಲ್ಲು ಎಲ್ಲ ಕಡೆ ಚಿರೆಕಲ್ಲೇ (ಜಂಬಿಟ್ಟಿಗೆ). ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟಾಗ ಗಟ್ಟಿಯಾಗುವ ಕಲ್ಲು ಇದು. ಕೈಯಿಂದ ಕಡಿದ ಚಿರೆಯ ಮೈಮೇಲೆ ಓರೆಯಾಗಿ, ಒಂದಕ್ಕೊಂದು ಸಮವಲ್ಲದ ಏಟಿನ ಗುರುತು ಇರುತ್ತದೆ. ಕಲ್ಲಿನ ಅಳತೆಯೂ ಒಂದರಂತೆ ಒಂದಿರುವುದಿಲ್ಲ. ಮಷಿನಿನಲ್ಲಿ ಕೊಯ್ದ ಈಚಿನ ಕಲ್ಲಿನ ಮೇಲೆ ಗರಗಸದ ಚಕ್ರ ತಿರುಗಿದ ಬಾಗುಗೀರು ಸಾಲಾಗಿ ಕಾಣುತ್ತದೆ, ಅಂಚು ಚಾಕುವಿನಂತೆ ನೇರ. ಗಾರೆ ಬಿದ್ದ ಜಾಗದಲ್ಲಿ, ಇಲ್ಲವೇ ಕಟ್ಟಡದ ಹಿಂಬದಿಯಲ್ಲಿ ಇದನ್ನು ನೋಡಿ. ಎದುರುಭಾಗಕ್ಕೆ ಎಲ್ಲರೂ ಬಣ್ಣ ಹೊಡೆಸುತ್ತಾರೆ, ಹಿಂಬದಿಯನ್ನು ಯಾರೂ ಅಷ್ಟಾಗಿ ಮುಟ್ಟುವುದಿಲ್ಲ.

ಆಮೇಲೆ ಗಾರೆ. ಕಲ್ಲಿನ ಸಂದಿಗೆ ಕಣ್ಣು ತೀರ ಹತ್ತಿರ ತಂದು ನೋಡಿ. ಹಳೆಯದಾದರೆ ಅದು ಹಾಲುಬಿಳುಪು, ನಡುನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಚೂರು. ಆ ಚೂರು ಬಳಚು ಎಂಬ ಚಿಪ್ಪುಮೀನಿನ ಚಿಪ್ಪು. ಅಘನಾಶಿನಿಯಂಥ ಅಳಿವೆಗಳಲ್ಲಿ ಬಳಚು ಹೇರಳ, ಅದರ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸರಿಯಾಗಿ ಬೇಯದ ಚಿಪ್ಪು ಹಾಗೇ ಚೂರಾಗಿ ಗಾರೆಯಲ್ಲಿ ಉಳಿದಿದೆ. ಕೆಲವು ಕಡೆ ಚಿಪ್ಪಿನ ಅಂಚಿನ ಗೆರೆಯೂ ಸ್ಪಷ್ಟವಿರುತ್ತದೆ. ಸಿಮೆಂಟಾದರೆ ಬೂದುಬಣ್ಣ, ಒಂದೇ ಸಮನೆ ನುಣುಪು. ಉಗುರಿನಿಂದ ಕೆರೆದು ಪರೀಕ್ಷಿಸಬೇಡಿ. ಗೋಡೆಯ ಬುಡದಲ್ಲಿ ಬಿದ್ದ ಹಳೆ ಗಾರೆಯ ತುಂಡು ಸಿಕ್ಕೇ ಸಿಗುತ್ತದೆ, ಅದರ ಅಂಚು ನೋಡಿದರೆ ಸಾಕು.

ಹಳೆ ಇಗರ್ಜಿಗಳ ಗೋಡೆ ಹಾಳಾಗುವುದು ಹೆಚ್ಚಾಗಿ ಇಲ್ಲೇ, ರಿಪೇರಿಯ ಹೆಸರಿನಲ್ಲಿ. ಚಿರೆಕಲ್ಲು ತುಂಬ ತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ಆವಿಯನ್ನು ಹೊರಗೆ ಹೋಗಗೊಡುತ್ತದೆ. ಮೇಲೆ ಸಿಮೆಂಟು ಮೆತ್ತಿ, ಅದರ ಮೇಲೆ ಎಣ್ಣೆಬಣ್ಣ ಹೊಡೆದರೆ ನೀರು ಒಳಗೇ ಉಳಿಯುತ್ತದೆ. ಜೊತೆಗೆ ಕಡಲ ಗಾಳಿಯ ಉಪ್ಪು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಉಬ್ಬುತ್ತದೆ, ಆಮೇಲೆ ಹಪ್ಪಳದಂತೆ ಕಳಚಿ ಬೀಳುತ್ತದೆ, ಬೀಳುವಾಗ ಕಲ್ಲಿನ ಮೇಲ್ಮೈಯನ್ನೂ ಕಿತ್ತುಕೊಂಡು ಹೋಗುತ್ತದೆ. ‘ಹಳೆ ಕಲ್ಲು ಸತ್ತುಹೋಗಿದೆ’ ಎಂದು ಮೇಸ್ತ್ರಿ ಹೇಳುತ್ತಾನೆ. ಕಲ್ಲು ಸತ್ತಿದ್ದಲ್ಲ, ಅದಕ್ಕೆ ಉಸಿರು ಕಟ್ಟಿದೆ. ಮಳೆಗಾಲಕ್ಕೆ ಪಡುವಣ ಗೋಡೆಗೆ ಹೆಣೆದ ಮಡ್ಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ನಿಮ್ಮ ಊರಿನ ಇಗರ್ಜಿಯ ಕಮಿಟಿಯಲ್ಲಿ ರಿಪೇರಿಯ ಮಾತು ಬಂದರೆ ಸುಣ್ಣದ ಗಾರೆಯ ವಿಷಯ ದಯವಿಟ್ಟು ಎತ್ತಿ.

ತಲೆಯೆತ್ತಿ ಮಾಡು ನೋಡಿ. ಮಂಗಳೂರು ಹಂಚು ಇದ್ದರೆ ಆ ಮಾಡು 1865ಕ್ಕಿಂತ ಹಿಂದಿನದಲ್ಲ, ಏಕೆಂದರೆ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ ಆ ವರ್ಷ. ಅದಕ್ಕೂ ಮೊದಲು ನಾಡಹಂಚು, ಹುಲ್ಲು, ಸೋಗೆ. ಇಲ್ಲಿ ಒಂದು ಮೋಸವಿದೆ. ಬಿದ್ದ ಹಂಚು ತಿರುಗಿಸಿದಾಗ ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಎಂಬ ಅಚ್ಚು ಕಂಡು ‘ನೂರಾ ಅರವತ್ತು ವರ್ಷದ ಹಂಚು’ ಎಂದು ಬರೆಯುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಎಂಬ ಅಚ್ಚಿದ್ದರೆ ಮೊದಲ ಮಹಾಯುದ್ಧದ ನಂತರದ್ದು, ಯುದ್ಧದ ಬಳಿಕ ಕಾರ್ಖಾನೆ ಆ ಕಂಪನಿಯ ಕೈಗೆ ಹೋಯಿತು. ಮಾಡಿನ ಹಂಚು ಕಾಲಕಾಲಕ್ಕೆ ಬದಲಾಗುತ್ತಲೇ ಇರುತ್ತದೆ ಎನ್ನುವುದೂ ನೆನಪಿರಲಿ. ಹಂಚಿನಿಂದ ಗೋಡೆಯ ವಯಸ್ಸು ಹೇಳಲಾಗದು.

ಅಂಗಳದ ಶಿಲುಬೆ ಬಹಳ ಸಲ ಇಗರ್ಜಿಗಿಂತ ಹಳೆಯದು. ಕಟ್ಟಡ ಕೆಡವಿದವರು ಕಟ್ಟೆಯನ್ನು ಬಿಟ್ಟಿರಬಹುದು, ಮರಳಿ ಬಂದವರು ಮೊದಲು ನೆಟ್ಟದ್ದೂ ಅದೇ ಇರಬಹುದು. ಕಟ್ಟೆಯ ನಾಲ್ಕೂ ಮಗ್ಗುಲು ಸುತ್ತಿ ನೋಡಿ, ಅಕ್ಷರ ಹೆಚ್ಚಾಗಿ ಹಿಂದೆ ಅಥವಾ ಕೆಳಗೆ ಇರುತ್ತದೆ. ಐ.ಎನ್.ಆರ್.ಐ. ಎಂಬುದು ‘ನಜರೇತಿನ ಯೇಸು, ಯೆಹೂದಿಯರ ಅರಸ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಐ.ಎಚ್.ಎಸ್. ಕಂಡರೆ ಅದು ಯೇಸುವಿನ ಹೆಸರಿನ ಗುರುತು, ಜೆಸ್ವಿತ ಸಂಘದ ಪಾದ್ರಿಗಳು ಹೆಚ್ಚು ಬಳಸಿದ್ದು. ಸಮಾಧಿಕಲ್ಲು ‘ಆಕ್ವಿ ಜಾಸ್’ ಎಂದು ಶುರುವಾದರೆ ಪೋರ್ತುಗೀಸ್ ಭಾಷೆ, ‘ಇಲ್ಲಿ ಮಲಗಿದ್ದಾರೆ’ ಎಂದು.

ಸವೆದ ಅಕ್ಷರ ಓದಲು ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ತಗ್ಗಿನಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಕಲ್ಲು ಖಾಲಿ ಹಲಗೆ. ನೆರಳಲ್ಲಿರುವ ಕಲ್ಲಾದರೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಅಡ್ಡಲಾಗಿ ಹಿಡಿದು, ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಮೂರನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದರಲ್ಲಿ ಸಿಗದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ. ಸುಣ್ಣದಕಡ್ಡಿ ತಿಕ್ಕುವುದು, ತಂತಿಬ್ರಶ್, ಆಸಿಡ್ ಇವು ಮೂರೂ ಬೇಡವೇ ಬೇಡ. ಪಾಚಿ ಇದ್ದರೆ ಬರೀ ನೀರು, ಮೆತ್ತನೆ ಬ್ರಶ್. ಬಿಳಿಬೂದು ಕಲೆಯಂತೆ ಕಲ್ಲಿಗಂಟಿದ ಕಲ್ಲುಹೂವನ್ನು ಎಬ್ಬಿಸಹೋದರೆ ಅಕ್ಷರವೂ ಜೊತೆಗೆ ಬರುತ್ತದೆ, ಅದನ್ನು ಬಿಟ್ಟುಬಿಡಿ.

ಗಂಟೆಯ ಮೈಮೇಲೆ ಎರಕದ ಇಸವಿ ಇರಬಹುದು. ಗೋಪುರ ಹತ್ತಬೇಡಿ, ಮರದ ಏಣಿ ಗೆದ್ದಲು ತಿಂದಿರುತ್ತದೆ. ಕೆಳಗಿನಿಂದಲೇ ಝೂಮ್ ಮಾಡಿ.

ಇಷ್ಟು ಕಲಿತು ಮಿರ್ಜಾನಕ್ಕೆ ಹೋದರೆ ಅಲ್ಲಿ ಗೋಡೆಯೇ ಮಾತಾಡುತ್ತದೆ. ಕುಮಟಾದಿಂದ ಉತ್ತರಕ್ಕೆ ಹೆದ್ದಾರಿ 66ರಲ್ಲಿ 11 ಕಿಲೋಮೀಟರು, ಅಲ್ಲಿಂದ ಕೋಟೆ ನಡೆದು ಹೋಗುವಷ್ಟು ದೂರ. ಕೊಂಕಣ ರೈಲಿನ ಮಿರ್ಜಾನ ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿ ಮಾತ್ರ ನೆಚ್ಚಿಕೊಳ್ಳಬಹುದು, ಎಕ್ಸ್‌ಪ್ರೆಸ್ಸಿಗೆ ಬಂದರೆ ಕುಮಟಾದಲ್ಲಿ ಇಳಿದು ಬಸ್ಸೋ ರಿಕ್ಷಾವೋ ಹಿಡಿಯಿರಿ. ಹತ್ತು ಎಕರೆಯಷ್ಟು ಜಾಗ, ಪೂರ್ತಿ ಚಿರೆಕಲ್ಲು, ಸುತ್ತ ಕಂದಕ, ಎತ್ತರದ ಬುರುಜು. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯ ಕೋಟೆ ಎಂದೇ ಇದು ಪ್ರಸಿದ್ಧ. ಪೋರ್ತುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕ್ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ಜನರ ಬಾಯಲ್ಲಿ ಅವನು ‘ಸರ್ಪಮಲ್ಲಿಕ’. ಗೇರುಸೊಪ್ಪೆಯವರು, ಬಿಜಾಪುರದವರು, ಕೆಳದಿಯವರು ಒಬ್ಬರಾದ ಮೇಲೊಬ್ಬರು ಕೈಹಾಕಿದ ಕೋಟೆ ಇದು, ಒಬ್ಬರ ಹೆಸರಿಗೇ ಬರೆದುಬಿಡುವುದು ಕಷ್ಟ. 2000-01ರ ಉತ್ಖನನದಲ್ಲಿ ಸಿಕ್ಕ ವಸ್ತುಗಳನ್ನು ನೋಡಿ: ಪೋರ್ತುಗೀಸ್ ವೈಸರಾಯನ ಕಾಲದ 1652ರ ಚಿನ್ನದ ನಾಣ್ಯ, ಫಿರಂಗಿಯ ಗುಂಡು, ಚೀನಾದ ಪಿಂಗಾಣಿ ಚೂರು, ಅರಬ್ಬಿ ಬರಹದ ಫಲಕ. ಅಘನಾಶಿನಿ ದಡದ ಈ ಕೆಸರಿಗೆ ಯಾರೆಲ್ಲ ಬಂದು ಹೋಗಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಳಗೆ ಹೋದವರು ಬುರುಜಿನ ಮೇಲೆ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಬೀಳುತ್ತಾರೆ. ಒಂದೂವರೆ ಗಂಟೆ ಕೊಡಿ. ಬಾವಿಗಳನ್ನು ನೋಡದೆ ಬರಬೇಡಿ. ಬಾವಿಗೆ ಇಳಿಯುವ ಮೆಟ್ಟಿಲು, ಅದರೊಳಗಿನಿಂದ ಕಂದಕದ ಕಡೆಗೆ ಹೋಗುವ ಸುರಂಗದ ಬಾಯಿ ಕಾಣುತ್ತದೆ. ಮುತ್ತಿಗೆ ಬಿದ್ದಾಗ ಕೋಟೆಯೊಳಗೆ ನೀರಿಗೆ ಬರ ಬರಬಾರದು, ಜನ ಹೊರಹೋಗುವ ದಾರಿಯೂ ಬೇಕು ಎಂಬ ಎರಡು ಚಿಂತೆಗೆ ಒಂದೇ ಉತ್ತರ ಅದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೋಡೆಯೆಲ್ಲ ಹಸಿರು ಹೊದ್ದು ತುಂಬ ಚೆಂದ, ಆದರೆ ಆಗಲೇ ಜನ ಜಾರಿ ಬೀಳುವುದು. ಚಿರೆಕಲ್ಲಿನ ಮೇಲಿನ ಪಾಚಿ ಒಣಗಿದಂತೆ ಕಂಡರೂ ಅಡಿಯಲ್ಲಿ ಲೋಳೆ ಇರುತ್ತದೆ. ರಬ್ಬರ್ ಚಪ್ಪಲಿಯಲ್ಲಿ ಗೋಡೆಯ ಅಂಚಿಗೆ ಹೋಗಬೇಡಿ, ತಡೆಕಟ್ಟೆ ಎಲ್ಲ ಕಡೆ ಇಲ್ಲ. ಮಾರ್ಚಿನಿಂದ ಮೇವರೆಗೆ ಹತ್ತು ಗಂಟೆಯ ಮೇಲೆ ನೆರಳೇ ಸಿಗದು.

ಹೊನ್ನಾವರದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ಊರಿನ ನೆನಪು ದೊಡ್ಡದು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಇದ್ದವೆಂದು ಬರೆದಿಟ್ಟಿದ್ದಾನೆ. 1510ರಲ್ಲಿ ಗೋವೆಯನ್ನು ಹಿಡಿಯುವಂತೆ ಪೋರ್ತುಗೀಸ್ ನಾಯಕ ಅಲ್ಬುಕರ್ಕನಿಗೆ ಸಲಹೆ ಕೊಟ್ಟ ತಿಮ್ಮಯ್ಯ ಈ ಕಡಲಿನವನೇ. 1569ರಲ್ಲಿ ಪೋರ್ತುಗೀಸರು ಊರನ್ನು ಹಿಡಿದು ಕೋಟೆ ಕಟ್ಟಿಕೊಂಡರು, 1654ರಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಹಾಕಿದ. ಆ ಕೋಟೆಯನ್ನು ಹುಡುಕಿ ಅಲೆಯುವುದಕ್ಕಿಂತ ಶರಾವತಿಯ ಅಳಿವೆಯ ದಡಕ್ಕೆ ಹೋಗಿ ನಿಲ್ಲಿ. ಬಂದರು ಯಾಕೆ ಇಲ್ಲೇ ಆಯಿತು, ಯಾಕೆ ಕೈಬಿಟ್ಟುಹೋಯಿತು ಎರಡೂ ಅಲ್ಲಿ ತಿಳಿಯುತ್ತದೆ. ಒಳಗೆ ವಿಶಾಲ ನೀರು, ಬಾಯಲ್ಲಿ ಮರಳದಿಣ್ಣೆ. ಈಗಲೂ ಮೀನುದೋಣಿಗಳು ಭರತ (ಉಬ್ಬರ) ನೋಡಿಯೇ ಒಳಬರುವುದು. ಎದುರು ಕಡಲಲ್ಲಿ ಕಾಣುವ ಬಸವರಾಜದುರ್ಗ ಕೆಳದಿಯವರು ಕೋಟೆ ಕಟ್ಟಿದ ದ್ವೀಪ. ದೋಣಿ ಸಿಕ್ಕರೆ ಹೋಗಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳಲೂ ಬೇಡಿ. ಉಳಿದ ತಿಂಗಳಲ್ಲಿ ಬೆಳಿಗ್ಗೆ ಬೇಗ ಹೋಗಿ ಹನ್ನೊಂದರೊಳಗೆ ಮರಳಬೇಕು, ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಇಳಿಯುವ ಜಾಗದಲ್ಲಿ ದೋಣಿ ಬಂಡೆಗೆ ಬಡಿಯುತ್ತದೆ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ನೀರು ನಿಮ್ಮದೇ ಒಯ್ಯಿರಿ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ನಾವು ಈಗ ಸಾಗರದ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು ಹೋಗಬೇಕು. ಚೆನ್ನಭೈರಾದೇವಿಯ ರಾಜಧಾನಿ ಇದ್ದ ನಗರಬಸ್ತಿಕೇರಿ ಇವತ್ತು ಕಾಡು. ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ನೋಡಿದರೂ ಎದುರಿಗೊಬ್ಬ ತೀರ್ಥಂಕರ. ಕರಾವಳಿಯ ಚಿರೆಕಲ್ಲು ನೋಡಿ ಬಂದ ಕಣ್ಣಿಗೆ ಇಲ್ಲಿನ ಕಪ್ಪುಕಲ್ಲಿನ ಚೂಪುಗೆರೆ ಬೇರೆಯೇ ಲೋಕ. ಚಿರೆಯಲ್ಲಿ ಇಷ್ಟು ಸಣ್ಣ ಕೆತ್ತನೆ ನಿಲ್ಲುವುದೇ ಇಲ್ಲ. ಇಗರ್ಜಿಗಳ ಎದುರುಭಾಗದ ಹೂಬಳ್ಳಿ, ಕಂಬದ ತಲೆ ಎಲ್ಲವನ್ನೂ ಗಾರೆಯಲ್ಲಿ ಮಾಡಿರುವುದು ಅದಕ್ಕೇ. ಸುತ್ತ ನೇಮಿನಾಥ, ಪಾರ್ಶ್ವನಾಥ ಬಸದಿಗಳೂ ಇವೆ. ಮಳೆಗಾಲದಲ್ಲಿ, ಅದರ ನಂತರವೂ ಒಂದು ತಿಂಗಳು ಉಂಬಳ ಹತ್ತುತ್ತದೆ. ಸುಣ್ಣ, ತಂಬಾಕಿನ ಪುಡಿ ಅಥವಾ ಉಪ್ಪು ಜೊತೆಗಿಟ್ಟುಕೊಳ್ಳಿ. ಸಂಜೆ ಐದರೊಳಗೆ ಹೊರಬನ್ನಿ, ಫೋನಿನ ನೆಟ್‌ವರ್ಕ್ ನಂಬಬೇಡಿ.

ಭಟ್ಕಳ ಹೊನ್ನಾವರದಿಂದ ದಕ್ಷಿಣಕ್ಕೆ 40 ಕಿಲೋಮೀಟರಿನ ಆಸುಪಾಸು. 16ನೇ ಶತಮಾನದ ಖೇತಪೈ ನಾರಾಯಣ ದೇವಾಲಯವನ್ನು ಅದರ ಮಾಡಿಗಾಗಿಯೇ ನೋಡಬೇಕು. ಕಲ್ಲಿನ ಚಪ್ಪಡಿಯನ್ನು ಸೋಗೆಮಾಡಿನಂತೆ ಇಳಿಜಾರಾಗಿ ಹೊದಿಸಿದ್ದಾರೆ, ಗೋಡೆಯ ತುಂಬ ರಾಮಾಯಣ. ಘಟ್ಟದ ಮೇಲಿನ ಗೋಪುರದ ಗುಡಿ ಈ ಮಳೆಗೆ ಆಗದು ಎಂದು ತಿಳಿದವರ ಕೆಲಸ ಅದು. ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯನ್ನೂ ನೋಡಿ. ಇಂಗ್ಲಿಷರ ನೆಲೆಯೂ ಇಲ್ಲಿತ್ತು. ಇಂಗ್ಲಿಷ್ ಕಪ್ತಾನ ವೆಡೆಲ್‌ನ ಹಡಗುಗಳು ಬಂದ 1637ರಲ್ಲೇ ಸತ್ತ ವರ್ತಕ ಜಾರ್ಜ್ ವೈ, ಮರುವರ್ಷ ಸತ್ತ ಶಸ್ತ್ರವೈದ್ಯ ವಿಲಿಯಂ ಬಾರ್ಟನ್ ಇವರ ಸಮಾಧಿಶಿಲೆಗಳ ಬರಹ ಹಳೆ ಗೆಜೆಟಿಯರಿನಲ್ಲಿ ದಾಖಲಾಗಿದೆ. ಬಂದ ವರ್ಷವೇ ವರ್ತಕ, ಮರುವರ್ಷ ವೈದ್ಯ. 

ಕಾರವಾರದ ಕಡೆಗೆ ಇನ್ನೊಂದು ದಿನ ಬೇಕು. ಕುಮಟಾದಿಂದ ಸುಮಾರು 70 ಕಿಲೋಮೀಟರು. ಕಾರವಾರ ಧರ್ಮಪ್ರಾಂತ (ಬಿಷಪ್ಪರ ಆಡಳಿತದ ಸೀಮೆ) ಆದದ್ದು 1976ರಲ್ಲಿ, 1953ರಿಂದ ಅಲ್ಲಿಯವರೆಗೆ ಇಲ್ಲಿನ ಪ್ಯಾರಿಶ್‌ಗಳು ಬೆಳಗಾವಿಗೆ ಸೇರಿದ್ದವು. ಹಳೆ ದಾಖಲೆ ಹುಡುಕುವವರು ಇದನ್ನು ಗಮನದಲ್ಲಿಡಿ. ಹಿರಿಯರ ಜ್ಞಾನಸ್ನಾನದ ದಾಖಲೆ ಬೇಕಾದರೆ ಮೊದಲು ಆಯಾ ಪ್ಯಾರಿಶ್‌ನ ಪುಸ್ತಕ ಕೇಳಿ. ಹೋಗುವ ಮುನ್ನ ಹೆಸರು, ತಂದೆಯ ಹೆಸರು, ಅಂದಾಜು ಇಸವಿ, ಮನೆತನದ ಅಡ್ಡಹೆಸರು ಇಷ್ಟನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ಒಂದೇ ಹೆಸರಿನವರು ಒಂದೇ ಊರಿನಲ್ಲಿ ಹತ್ತು ಜನ ಇರುತ್ತಾರೆ, ಅಡ್ಡಹೆಸರು ಇಲ್ಲದಿದ್ದರೆ ಹುಡುಕಾಟ ಅಲ್ಲೇ ನಿಲ್ಲುತ್ತದೆ.

ಕಾಳಿನದಿಯ ಆಚೆ ದಡದ ಗುಡ್ಡ ಸದಾಶಿವಗಡ. 18ನೇ ಶತಮಾನದ ಮೊದಲ ಭಾಗದಲ್ಲಿ ಸೋಂದೆಯ ಅರಸ ಬಸವಲಿಂಗ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ. 1752ರಲ್ಲಿ ಪೋರ್ತುಗೀಸರು ಹಿಡಿದು ‘ಪೀರೊ’ ಎಂದು ಕರೆದರು, ಗುಡ್ಡದ ಬುಡದಲ್ಲಿರುವ ಪೀರರ ದರ್ಗಾದಿಂದ ಬಂದ ಹೆಸರು ಅದು. ಗುಡ್ಡದ ಮೇಲೆ ದೇವಿಯ ಗುಡಿ, ಕೆಳಗೆ ದರ್ಗಾ, ಎದುರಿಗೆ ನದಿ ಕಡಲು ಸೇರುವ ನೋಟ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ನೇ ತಾರೀಕು ಶುರುವಾದ ಮೇಲೆ ಕುಸಿದುಬಿತ್ತು, ಆಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆಯ ಮೇಲೇ ಓಡಾಡಬೇಕಾಯಿತು. ದಾಟುವುದಕ್ಕೆ ಸಮಯ ಹೆಚ್ಚಿಟ್ಟುಕೊಳ್ಳಿ. ನದಿಯ ಮೇಲುಭಾಗದ ಕಡವಾಡದಲ್ಲಿ 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಕಂಪನಿಯವರು ಕೋಠಿ (ವ್ಯಾಪಾರದ ನೆಲೆ) ಹಾಕಿದ್ದರು. ಅದರ ಕಟ್ಟಡ ನೋಡಲು ಹೋಗಬೇಡಿ, ನದಿಯ ತಿರುವು ನೋಡಲು ಹೋಗಿ.

ಈ ಸೀಮೆಯ ನಿಜವಾದ ಪೋರ್ತುಗೀಸ್ ಇಗರ್ಜಿ ನೋಡಲಾಗದ ಜಾಗದಲ್ಲಿದೆ, ಅಂಜುದ್ವೀಪದಲ್ಲಿ. ಕಾರವಾರದ ಎದುರಿಗಿದ್ದರೂ ಆಡಳಿತಕ್ಕೆ ಗೋವಾದ್ದು. 1498ರಲ್ಲಿ ವಾಸ್ಕೊ ದ ಗಾಮ ಇಲ್ಲಿ ಸಿಹಿನೀರು ತುಂಬಿಸಿಕೊಂಡ, 1505ರಲ್ಲಿ ಪೋರ್ತುಗೀಸ್ ವೈಸರಾಯ ಅಲ್ಮೇಡ ಕೋಟೆ ಕಟ್ಟಿದ, ಬೇಗನೇ ಅದನ್ನು ಬಿಟ್ಟರು. ಬೊಂಬಾಯಿಯನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರು ಪೋರ್ತುಗೀಸರು ಊರು ಬಿಟ್ಟುಕೊಡದೆ ಇದೇ ದ್ವೀಪದಲ್ಲಿ ಕಾಯುತ್ತ ಕೂತರು. ಬಹುಪಾಲು ಜನರೂ, ಅವರ ನಾಯಕ ಅಬ್ರಹಾಂ ಶಿಪ್‌ಮನ್ನನೂ ಇಲ್ಲೇ ಸತ್ತರು. 1682ರಲ್ಲಿ ಪೋರ್ತುಗೀಸರು ಮತ್ತೆ ಕೋಟೆ ಕಟ್ಟಿದರು. ಇಲ್ಲಿನ ಇಗರ್ಜಿ ಬ್ರೋತಾಸ್ ಮಾತೆಯದು, ಬ್ರೋತಾಸ್ ಎಂದರೆ ಒರತೆ.  ಟಿಪ್ಪುವಿನ ಕೈ ಈ ದ್ವೀಪಕ್ಕೆ ತಾಗಲಿಲ್ಲ. 1961ರ ಡಿಸೆಂಬರಿನಲ್ಲಿ ದ್ವೀಪ ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ನಾವಿಕರು ಪ್ರಾಣ ಕೊಟ್ಟರು. ಈಗ ಅದು ಸೀಬರ್ಡ್ ನೌಕಾನೆಲೆಯ ಒಳಗಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ‘ದೋಣಿಯಲ್ಲಿ ಹತ್ತಿರ ಕರೆದೊಯ್ಯುತ್ತೇವೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಣಗಾ, ಅರಗಾ ಭಾಗದ ಹೆದ್ದಾರಿಯಲ್ಲಿ ಕ್ಯಾಮೆರಾ ಹೊರತೆಗೆಯಬೇಡಿ, ಡ್ರೋನ್ ಅಂತೂ ಇಡೀ ಕಾರವಾರ ಸುತ್ತಮುತ್ತ ಚೀಲದಲ್ಲೇ ಇರಲಿ.

ಶಿರಸಿಯಿಂದ ಬರುವವರು ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬೇಕು, ಸುಮಾರು 60 ಕಿಲೋಮೀಟರು. ಮಳೆಗಾಲದಲ್ಲಿ ಗುಡ್ಡ ಜರಿದು, ಬೇರೆ ಸಮಯದಲ್ಲಿ ಕಾಮಗಾರಿಯಿಂದ ರಸ್ತೆ ಬಂದಾಗುವುದುಂಟು. ಹೊರಡುವ ದಿನ ಶಿರಸಿ ಬಸ್ ನಿಲ್ದಾಣದಲ್ಲಿ ಕೇಳಿಕೊಂಡೇ ಹೊರಡಿ. ಬಂದಾಗಿದ್ದರೆ ಸಿದ್ದಾಪುರಕ್ಕೆ ಹೋಗಿ ದೊಡ್ಡಮನೆ ಘಟ್ಟ ಇಳಿಯಿರಿ, ಆ ರಸ್ತೆ ನೇರ ಚಂದಾವರಕ್ಕೇ ತಂದು ಬಿಡುತ್ತದೆ. ಮೊದಲ ದಿನ ಬೆಳಿಗ್ಗೆ ಚಂದಾವರ, ಬಿಸಿಲು ಇಳಿದ ಮೇಲೆ ಮಿರ್ಜಾನ. ಎರಡನೇ ದಿನ ಬೆಳಿಗ್ಗೆ ಗೇರುಸೊಪ್ಪೆ, ಸಂಜೆ ಹೊನ್ನಾವರದ ಅಳಿವೆ. ಭಟ್ಕಳವನ್ನೂ ಅದೇ ದಿನಕ್ಕೆ ತುರುಕಿದರೆ ಖೇತಪೈ ಗುಡಿ ತಲುಪುವಷ್ಟರಲ್ಲಿ ಗೋಡೆಯ ಮೇಲೆ ಬೆಳಕು ಇರುವುದಿಲ್ಲ.